ಬದಲಾವಣೆ ತರೋದು ಯಾರು: ಬೀದಿಗಿಳಿದವರಾ, ಗೆದ್ದು ಸದನಕ್ಕೆ ಹೋದವರಾ?

ಕೊನೆಬೆಂಚು

ನೇರ ಪ್ರಶ್ನೆ. ಸಮಾಜ ಬದಲಾಗೋದು ಜನ ಬೀದಿಗಿಳಿದಾಗಲೋ, ಅಧಿಕಾರದಲ್ಲಿ ಕೂತವರು ಮನಸ್ಸು ಮಾಡಿದಾಗಲೋ?

"ಎರಡೂ ಬೇಕು" ಅಂತ ಮಾತ್ರ ಹೇಳಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ. ಯಾವುದು ಮೊದಲು, ಯಾವುದಿಲ್ಲದೆ ಯಾವುದು ನಿಂತುಹೋಗುತ್ತದೆ, ಅದನ್ನು ಹೇಳಿ. ಘೋಷಣೆ ಬೇಡ, ಒಂದಾದರೂ ಉದಾಹರಣೆ ಹಿಡಿದುಕೊಂಡು ಬನ್ನಿ.

ನಾನು ಚಳವಳಿಯ ಕಡೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಉದಾಹರಣೆ ನ್ಯೂಜಿಲೆಂಡ್. 1893ರಲ್ಲಿ ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಕೇಟ್ ಶೆಪರ್ಡ್ ಮತ್ತು ಜೊತೆಯವರು ಸಹಿ ಸಂಗ್ರಹಕ್ಕೆ ಇಳಿದಿದ್ದರು. 1891ರಲ್ಲಿ ಒಂಬತ್ತು ಸಾವಿರ ದಾಟಿತು, ಸಿಗಲಿಲ್ಲ. 1892ರಲ್ಲಿ ಇಪ್ಪತ್ತು ಸಾವಿರದ ಹತ್ತಿರ ಬಂತು, ಆಗಲೂ ಸಿಗಲಿಲ್ಲ. 1893ರಲ್ಲಿ ಸುಮಾರು 32,000 ಸಹಿ. ದೊಡ್ಡ ಅರ್ಜಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿನ ತುಂಡಿಗೆ ಸುತ್ತಿದ್ದರು. ಉದ್ದ ಸುಮಾರು 270 ಮೀಟರ್. ಸದನದ ನಡುವಿನ ಹಾದಿಯಲ್ಲಿ ಅದನ್ನು ಉರುಳಿಸಿದರು. ಬಿಚ್ಚಿಕೊಳ್ಳುತ್ತಾ ಹೋಗಿ ಆ ತುದಿಯ ಗೋಡೆಗೆ ದಡ್ ಅಂತ ಬಡಿಯಿತಂತೆ.

ಇಷ್ಟು ಸಹಿ ಇಲ್ಲದೆ ಯಾವ ಶಾಸಕ ಆ ವಿಷಯ ಎತ್ತುತ್ತಿದ್ದ?

ನೇರನುಡಿ

ಉದಾಹರಣೆ ಚೆನ್ನಾಗಿದೆ. ಆದರೆ ಆ ಸುರುಳಿ ಉರುಳಿಸಿದ್ದು ಯಾರು ಅಂತ ನೀವು ಹೇಳಲೇ ಇಲ್ಲ. ಜಾನ್ ಹಾಲ್. ಸದನದ ಸದಸ್ಯ, ಹಿಂದೆ ಅದೇ ದೇಶದ ಪ್ರಧಾನಿಯಾಗಿದ್ದವರು. ವರ್ಷಗಟ್ಟಲೆ ಮಸೂದೆ ಮಂಡಿಸಿದ್ದು, ಮತ ಎಣಿಸಿದ್ದು, ಸೋತಾಗ ಮತ್ತೆ ತಂದಿದ್ದು ಅವರೇ. ಹೊರಗಿದ್ದವರಿಗೆ ಸದನದಲ್ಲಿ ಬಾಯಿ ತೆರೆಯೋ ಅವಕಾಶವೇ ಇರಲಿಲ್ಲ.

ಜನರ ಬೆಂಬಲ ಇಲ್ಲದೆಯೂ ನಾಯಕರು ಕೆಲಸ ಮಾಡಿದ ಉದಾಹರಣೆ ಬೇಕಾ? ಫ್ರಾನ್ಸ್, 1981. ಅಧ್ಯಕ್ಷ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಅಭ್ಯರ್ಥಿಯಾಗಿದ್ದ ಮಿತ್ತರಾಂ ಟೀವಿಯಲ್ಲಿ ಕೂತು, ಮರಣದಂಡನೆ ನನ್ನ ಆತ್ಮಸಾಕ್ಷಿಗೆ ಒಪ್ಪಲ್ಲ ಅಂದರು. ದೇಶದಲ್ಲಿ ಹೆಚ್ಚಿನವರು ಗಲ್ಲು ಇರಲಿ ಅನ್ನೋ ಕಡೆಗಿದ್ದರು. ಅದು ಗೊತ್ತಿದ್ದೇ ಹೇಳಿದರು. ಮೇ ತಿಂಗಳಲ್ಲಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ನ್ಯಾಯಮಂತ್ರಿ ರೋಬೇರ್ ಬದಾಂತೇರ್ ಮಸೂದೆ ತಂದರು. 363 ಮತ ಪರ, 117 ವಿರೋಧ. ಅಕ್ಟೋಬರ್ 9ಕ್ಕೆ ಕಾನೂನಾಯಿತು.

ಅಲ್ಲಿ ಬೀದಿ ತುಂಬಿತ್ತಾ? ಇಲ್ಲ. ಜನಮತ ಕೇಳಿದ್ದರೆ ಗಲ್ಲು ಇನ್ನೂ ಹತ್ತಾರು ವರ್ಷ ಇರುತ್ತಿತ್ತು.

ಕೊನೆಬೆಂಚು

ನ್ಯೂಜಿಲೆಂಡ್ ಕಥೆಯ ಇನ್ನೊಂದು ಅರ್ಧ ಕೇಳಿ. ಆಗ ಪ್ರಧಾನಿಯಾಗಿದ್ದ ರಿಚರ್ಡ್ ಸೆಡನ್‌ಗೆ ಇದು ಬೇಕಿರಲಿಲ್ಲ. ಮದ್ಯದ ಉದ್ಯಮದವರೂ ವಿರೋಧ. ಕೆಳಮನೆ ದಾಟಿದ ಮೇಲೆ ಮೇಲ್ಮನೆಯಲ್ಲಿ ಬೀಳಿಸೋಣ ಅಂತ ಸೆಡನ್ ಒಬ್ಬ ಸದಸ್ಯನ ಮೇಲೆ ಒತ್ತಡ ಹಾಕಿದರು. ಇದನ್ನು ನೋಡಿ ಮಸೂದೆಯ ವಿರೋಧಿಗಳೇ ಆಗಿದ್ದ ಇಬ್ಬರಿಗೆ ಸಿಟ್ಟು ಬಂತು. ಇಬ್ಬರೂ ಪರವಾಗಿ ಮತ ಹಾಕಿದರು. 20ಕ್ಕೆ 18ರಲ್ಲಿ ಪಾಸಾಯಿತು!

ನಿಮ್ಮ "ಚುನಾಯಿತ ನಾಯಕತ್ವ" ಅಂದರೆ ಇದು.

ನೇರನುಡಿ

ನೀವು ನನ್ನ ವಾದವನ್ನೇ ಬಲ ಮಾಡುತ್ತಿದ್ದೀರಿ. 32,000 ಸಹಿ ಇದ್ದೂ ಕೊನೆಗೆ ತೀರ್ಮಾನ ಮಾಡಿದ್ದು ಸಿಟ್ಟುಗೊಂಡ ಇಬ್ಬರು ಸದಸ್ಯರು, ಅಲ್ವಾ?

ಗುಬ್ಬಿಗೂಡು

😄 ಇದಕ್ಕೆ ಉತ್ತರ ಕೊಡೋದು ಕಷ್ಟ.

ಹಳೆಪೇಪರ್

ನೀವಿಬ್ಬರೂ ಕಾನೂನು ಪಾಸಾದ ದಿನವನ್ನೇ ಬದಲಾವಣೆಯ ದಿನ ಅಂದುಕೊಂಡಿದ್ದೀರಿ. ನನ್ನ ತಕರಾರು ಅದೇ. ಪಾಸಾಗೋ ಮುಂಚೆ ಎಷ್ಟು ವರ್ಷ, ಆದಮೇಲೆ ಎಷ್ಟು ವರ್ಷ ಅಂತ ನೋಡಿದರೆ ಚಿತ್ರ ಬೇರೆ. ಕಾಗೋಡು ಹೋರಾಟದಿಂದ ಭೂಸುಧಾರಣೆವರೆಗಿನ ದಾರಿಯನ್ನೇ ತಗೊಳ್ಳೋಣ. ಇಲ್ಲಿ ಎಲ್ಲರೂ ಹೆಸರು ಕೇಳಿರುತ್ತೀರಿ, ಆದರೆ ಮಧ್ಯದ ಭಾಗವನ್ನು ಯಾರೂ ಹೇಳಲ್ಲ.

1951, ಸಾಗರ ಸೀಮೆಯ ಕಾಗೋಡು. ಗೇಣಿದಾರರ ದೂರು ಶುರುವಾಗಿದ್ದು ಕೊಳಗದಿಂದ. ಗೇಣಿಯ ಭತ್ತ ಅಳೆಯೋಕೆ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಕಾಗದದಲ್ಲಿ ಅಷ್ಟೇ ಕೊಳಗ, ಕಣದಲ್ಲಿ ಜಾಸ್ತಿ ಭತ್ತ. ಸರಿಯಾದ ಅಳತೆ ಇಡಿ ಅನ್ನೋದು ಎಷ್ಟು ಸಣ್ಣ ಬೇಡಿಕೆ ನೋಡಿ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟು ಸೇರಿಸಿದರು. ಸಮಾಜವಾದಿ ಪಕ್ಷ ಕೈಜೋಡಿಸಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹಿಗಳು ಜೈಲಿಗೆ ಹೋದರು. ಮರುವರ್ಷ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಬಂದರು.

ಆದರೆ ಭೂಮಿ? ಬರಲಿಲ್ಲ. 1961ರಲ್ಲಿ ಒಂದು ಭೂಸುಧಾರಣಾ ಕಾಯ್ದೆ ಪಾಸಾಯಿತು. ಜಾರಿಗೆ ಬರೋಕೆ 1965ರ ಅಕ್ಟೋಬರ್ ಆಯಿತು. ಅದರಲ್ಲಿ ಒಡೆಯ ತಪ್ಪಿಸಿಕೊಳ್ಳೋಕೆ ಬೇಕಾದಷ್ಟು ಸಂದುಗಳಿದ್ದವು. ದೇವರಾಜ ಅರಸು ಮುಖ್ಯಮಂತ್ರಿಯಾಗಿ ಬಂದಿದ್ದು 1972ರಲ್ಲಿ. ತಿದ್ದುಪಡಿ ಜಾರಿಯಾಗಿದ್ದು 1974ರ ಮಾರ್ಚ್ 1ರಿಂದ. ಸತ್ಯಾಗ್ರಹದಿಂದ ಲೆಕ್ಕ ಹಾಕಿದರೆ 23 ವರ್ಷ.

ಈಗ ಹೇಳಿ, ಯಶಸ್ಸು ಕಾಗೋಡಿನದಾ, ಅರಸು ಅವರದಾ?

ಲೆಕ್ಕಿಗ

ಅರಸು ಅವರದು. ಚಳವಳಿ 1951ರದು, ಅದರಿಂದಲೇ ಆಗೋದಾಗಿದ್ದರೆ 1955ರ ಒಳಗೇ ಆಗಬೇಕಿತ್ತು. 23 ವರ್ಷ ಸುಮ್ನೆ ಕಾಯಬೇಕಾಗಿದ್ದು ಯಾಕೆ? ಮನಸ್ಸಿರುವ ಮುಖ್ಯಮಂತ್ರಿ ಇರಲಿಲ್ಲ, ಅಷ್ಟೇ.

ಹಳೆಪೇಪರ್

ಅಷ್ಟೇ ಅಲ್ಲ. 1974ರ ಕಾಯ್ದೆ ಹೇಗೆ ಕೆಲಸ ಮಾಡಿತು ನೋಡಿ. ಗೇಣಿ ಜಮೀನೆಲ್ಲ ಮೊದಲು ಸರ್ಕಾರಕ್ಕೆ ಸೇರಿತು. ಗೇಣಿದಾರ "ಇದನ್ನು ಉಳುತ್ತಿರೋದು ನಾನು" ಅಂತ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕು. ಭೂ ನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ಗಡುವು ಮುಂದಕ್ಕೆ ಹೋಗಿ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ಹಾಕದವನಿಗೆ ಏನೂ ಇಲ್ಲ.

ಆ ಫಾರಂ ತುಂಬೋದು ಅಂದರೆ ಏನು ಅಂತ ಯೋಚಿಸಿ. ಇವನು ತಲೆತಲಾಂತರದಿಂದ ಒಡೆಯನ ಜಗುಲಿ ಕೆಳಗೆ ನಿಂತು ಮಾತಾಡಿದವನು. ಗೇಣಿಗೆ ರಸೀದಿ ಇಲ್ಲ. ಪಹಣಿಯಲ್ಲಿ ಹೆಸರಿಲ್ಲ. ಇವನು ಈಗ ಅದೇ ಒಡೆಯನ ಎದುರು ಮಂಡಳಿ ಮುಂದೆ ನಿಂತು, ಈ ನೆಲ ನನ್ನದು ಅನ್ನಬೇಕು. ಸರ್ವೆ ನಂಬರ್ ಗೊತ್ತಿರಬೇಕು. ಸಾಕ್ಷಿ ಹೇಳೋಕೆ ಪಕ್ಕದ ಗದ್ದೆಯವನು ಬರಬೇಕು. ಬರೋನಿಗೂ ಒಬ್ಬ ಒಡೆಯ ಇದ್ದಾನೆ.

ಇದನ್ನು ಯಾವ ಮುಖ್ಯಮಂತ್ರಿಯೂ ಮಾಡಿಸೋಕಾಗಲ್ಲ. ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿ ಕಾಲದಿಂದ ರೈತರ ಸಂಘಟನೆ ಇತ್ತು. ದಕ್ಷಿಣ ಕನ್ನಡದಲ್ಲಿ ಎಡಪಕ್ಷಗಳ ರೈತಸಂಘ ಇತ್ತು. ಇಂಥ ಕಡೆ ಅರ್ಜಿ ಬರೆಸೋಕೆ, ಸಾಕ್ಷಿ ನಿಲ್ಲಿಸೋಕೆ ಜನ ಇದ್ದರು. ಕರಾವಳಿ, ಮಲೆನಾಡಿನಲ್ಲಿ ಗೇಣಿ ಪದ್ಧತಿಯೇ ಜಾಸ್ತಿ ಇತ್ತು, ಅದರಿಂದಲೂ ಅರ್ಜಿ ಹೆಚ್ಚಿದ್ದವು, ನಿಜ. ಆದರೆ ಸಂಘಟನೆ ಇಲ್ಲದ ಕಡೆ ಒಡೆಯರು ಗೇಣಿದಾರರಿಂದ "ಸ್ವಇಚ್ಛೆಯಿಂದ ಬಿಟ್ಟುಕೊಟ್ಟೆ" ಅಂತ ಬರೆಸಿಕೊಳ್ಳೋದು ಎಷ್ಟು ಸುಲಭ ಅಂತ ಹೇಳಬೇಕಾ?

ಅದಕ್ಕೇ ನನ್ನ ಉತ್ತರ ಇದು. ಕಾನೂನಿನ ಮಟ್ಟದಲ್ಲಿ ಅರಸು, ಹೊಲದ ಮಟ್ಟದಲ್ಲಿ ಸಂಘ. ಆದರೆ ಕೊಳಗದ ಜಗಳ ಆಡಿ ಎದೆ ಸೆಟೆಸಿದವನಿಗೆ 1974ರಲ್ಲಿ ಫಾರಂ ತುಂಬೋಕೆ ಧೈರ್ಯ ಇತ್ತು. ಆ 23 ವರ್ಷ ಖಾಲಿ ಇರಲಿಲ್ಲ.

ಸಂಜೆಮಾತು

ನ್ಯಾಯಮಂಡಳಿ ಮುಂದೆ ವಕೀಲರು ಬರೋ ಹಾಗಿಲ್ಲ ಅಂತಲೂ ಇತ್ತಲ್ವಾ? ಬಡವನ ಎದುರು ಒಡೆಯ ದೊಡ್ಡ ವಕೀಲರನ್ನು ತಂದು ನಿಲ್ಲಿಸಬಾರದು ಅಂತ.

ಹಳೆಪೇಪರ್

ಹೌದು. 48ನೇ ಸೆಕ್ಷನ್‌ನ 8ನೇ ಉಪವಿಧಿ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ವಕೀಲರ ಕಾಯ್ದೆಗೆ ವಿರುದ್ಧ ಅಂದಿತು. ಅಷ್ಟರಲ್ಲಿ ಅರ್ಜಿ ಹಾಕೋ ಗಡುವು ಮುಗಿದು ಎಷ್ಟೋ ವರ್ಷ ಆಗಿತ್ತು. ಯಾರೋ ಕಾಯ್ದೆ ಬರೆಯುವಾಗ ಹೊಲದ ಕಡೆಯಿಂದ ಯೋಚಿಸಿದ್ದಾರೆ ಅಂತ ಗೊತ್ತಾಗೋದು ಇಂಥ ಸಣ್ಣ ವಿಧಿಗಳಲ್ಲೇ.

ಮಾಜಿಸದಸ್ಯ

ನಾನು ಒಂದು ಅವಧಿ ಸ್ಥಳೀಯ ಸಂಸ್ಥೆಯಲ್ಲಿ ಚುನಾಯಿತ ಸದಸ್ಯನಾಗಿದ್ದವನು. ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಯಾರಿಗೆ ಬೇಜಾರಾದರೂ ಸರಿ.

ಮನವಿ ಪತ್ರ ದಿನಾ ಬರುತ್ತವೆ. ಫೋಟೋ ತೆಗೆಸಿಕೊಂಡು ಕೊಟ್ಟು ಹೋಗುತ್ತಾರೆ. ನಾವು ಓದುತ್ತೇವಾ? ಕೆಲವು. ನಾವು ನೋಡೋದು ಬೇರೆ. ಯಾರು ವಾಪಸ್ ಬರುತ್ತಾರೆ? ಒಂದು ತಿಂಗಳ ಮೇಲೆ ಬಂದು "ಆ ಅರ್ಜಿ ಯಾವ ಮೇಜಿನ ಮೇಲಿದೆ" ಅಂತ ಕೇಳೋರು ಬಹಳ ಕಮ್ಮಿ. ಬಂದವರನ್ನು ಮರೆಯೋಕಾಗಲ್ಲ. ಸಾವಿರ ಜನರ ಮೆರವಣಿಗೆ ಸಂಜೆಗೆ ಮನೆಗೆ ಹೋಗುತ್ತದೆ. ಆರು ಜನ ಪ್ರತಿ ಸಭೆಗೂ ಬಂದು ಹಿಂದೆ ಕೂತುಕೊಂಡರೆ ನಿದ್ದೆ ಬರಲ್ಲ.

ಇನ್ನೊಂದು ವಿಷಯ. ನನಗೇ ಒಳ್ಳೆಯದು ಮಾಡಬೇಕು ಅಂತ ಇದ್ದಾಗಲೂ ಹೊರಗಿನ ಗಲಾಟೆ ಬೇಕಿತ್ತು. ಸಭೆಯಲ್ಲಿ ಎದ್ದು ನಿಂತು "ನನಗೆ ಹೀಗನ್ನಿಸುತ್ತೆ" ಅಂದರೆ ಉಳಿದವರು ನಗುತ್ತಾರೆ. "ಹೊರಗೆ ಜನ ಕೂತಿದ್ದಾರೆ, ಏನು ಹೇಳಲಿ ಹೇಳಿ" ಅಂದರೆ ಕೇಳುತ್ತಾರೆ. ಒಳ್ಳೆ ಸದಸ್ಯನಿಗೆ ಚಳವಳಿ ಶತ್ರು ಅಲ್ಲ, ನೆಪ. ಈ ನೆಪ ಸಿಗದೆ ಎಷ್ಟು ಒಳ್ಳೆ ಕೆಲಸ ಹಾಗೇ ಬಿದ್ದುಹೋಗಿವೆ ಅಂತ ಹೊರಗಿನವರಿಗೆ ಗೊತ್ತಿಲ್ಲ.

ಕೊನೆಬೆಂಚು

ಇದು ನನಗೆ ಬೇಕಾಗಿದ್ದ ಸಾಕ್ಷಿ. ಒಳ್ಳೆಯವರಿಗೂ ಹೊರಗಿನ ಒತ್ತಡ ಬೇಕು ಅಂತ ಒಳಗಿದ್ದವರೇ ಹೇಳುತ್ತಿದ್ದಾರೆ.

ಮಾಜಿಸದಸ್ಯ

ಒತ್ತಡ ಇದ್ದು ಒಳಗೆ ಒಳ್ಳೆಯವನು ಇಲ್ಲದಿದ್ದರೆ? ಭರವಸೆ ಸಿಗುತ್ತದೆ, ಆದೇಶ ಸಿಗಲ್ಲ. ಅದನ್ನೂ ಬರೆದುಕೊಳ್ಳಿ.

ಗುಬ್ಬಿಗೂಡು

ಭರವಸೆ ಮತ್ತು ಆದೇಶ ಅಂದ ಕೂಡಲೇ ಮಾಹಿತಿ ಹಕ್ಕು ನೆನಪಾಯಿತು. ಇದರ ಕಥೆ ಸರಿಯಾಗಿ ಇದೇ.

ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅನ್ನೋ ಕೂಲಿಕಾರರ, ರೈತರ ಸಂಘ 1990ರಲ್ಲಿ ಶುರುವಾಯಿತು. ಬರಗಾಲದ ಕಾಮಗಾರಿಗಳಲ್ಲಿ ಕೂಲಿ ಪೂರ್ತಿ ಸಿಗುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, ದಾಖಲೆಯಲ್ಲಿ ನೀವು ಅಷ್ಟು ಕೆಲಸ ಮಾಡಿಲ್ಲ ಅನ್ನೋರು. ದಾಖಲೆ ತೋರಿಸಿ ಅಂದರೆ, ಅದು ಗುಟ್ಟು. ಅದಕ್ಕೇ ಅವರ ಬೇಡಿಕೆ ಕೂಲಿಯಿಂದ ಮಸ್ಟರ್ ರೋಲ್, ಅಂದರೆ ಕೂಲಿಯವರ ಹಾಜರಿ ಪಟ್ಟಿಯ ಕಡೆಗೆ ತಿರುಗಿತು.

1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾದಲ್ಲಿ ಮೊದಲ ಜನಸುನ್ವಾಯಿ, ಅಂದರೆ ಜನರೇ ನಡೆಸೋ ವಿಚಾರಣೆಯ ಸಭೆ. ಹೇಗೋ ಸಿಕ್ಕ ದಾಖಲೆಗಳನ್ನು ಜನರ ಮುಂದೆ ಜೋರಾಗಿ ಓದಿದರು. ಇಂಥವರಿಗೆ ಇಷ್ಟು ದಿನದ ಕೂಲಿ ಕೊಡಲಾಗಿದೆ ಅಂತ ಓದಿದ ಕೂಡಲೇ ಗುಂಪಿನೊಳಗಿಂದ ಅದೇ ಹೆಸರಿನವರು ಎದ್ದು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಅನ್ನೋರು. ಇಂಥ ಸಭೆಗಳಲ್ಲಿ ಸತ್ತವರ ಹೆಸರೂ ಬಂತು. ಕಟ್ಟದೇ ಇದ್ದ ಕಟ್ಟಡದ ಬಿಲ್ಲೂ ಬಂತು. ಭಾಷಣ ಬೇಕಾಗಲಿಲ್ಲ, ಪಟ್ಟಿ ಓದಿದ್ದೇ ಸಾಕಾಯಿತು.

1995ರಲ್ಲಿ ಆಗಿನ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲೇ ದಾಖಲೆಗಳ ಪ್ರತಿ ಕೊಡುತ್ತೇವೆ ಅಂದರು. ಆದೇಶ ಬರಲಿಲ್ಲ. ಒಂದು ವರ್ಷ ಕಾದು, 1996ರ ಏಪ್ರಿಲ್‌ನಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. ಗಮನಿಸಿ, ಅವರು ಹೊಸದೇನೂ ಕೇಳುತ್ತಿರಲಿಲ್ಲ. ಮುಖ್ಯಮಂತ್ರಿ ಸದನದಲ್ಲಿ ಹೇಳಿದ್ದನ್ನೇ ಕಾಗದದ ಮೇಲೆ ಕೊಡಿ ಅನ್ನುತ್ತಿದ್ದರು.

ಆಮೇಲೆ ಇನ್ನೂ ದೊಡ್ಡ ತಮಾಷೆ. ಸಂಸತ್ತು 2002ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಪಾಸು ಮಾಡಿತು. ಜಾರಿಯ ಅಧಿಸೂಚನೆ ಹೊರಡಲೇ ಇಲ್ಲ! ಪಾಸಾದ ಕಾಯ್ದೆ, ಒಂದು ದಿನವೂ ಬದುಕಲಿಲ್ಲ. ಈಗಿರೋ ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ಕ್ಕೆ.

ಲೆಕ್ಕಿಗ

2004ರಲ್ಲಿ ಸರ್ಕಾರ ಬದಲಾಗದಿದ್ದರೆ? ಹೊಸ ಸರ್ಕಾರಕ್ಕೆ ಸಲಹೆ ಕೊಡೋ ರಾಷ್ಟ್ರೀಯ ಸಲಹಾ ಮಂಡಳಿಯಲ್ಲಿ ಈ ಚಳವಳಿಯವರೇ ಕೂರದಿದ್ದರೆ? ಬ್ಯಾವರ್ ಧರಣಿಗೂ ಕೇಂದ್ರದ ಕಾಯ್ದೆಗೂ ನಡುವೆ ಒಂಬತ್ತು ವರ್ಷ. ಅದನ್ನು ಮುಗಿಸಿದ್ದು ಚುನಾವಣೆಯ ಫಲಿತಾಂಶ.

ಗುಬ್ಬಿಗೂಡು

ಚುನಾವಣೆ ಬಾಗಿಲು ತೆರೆಯಿತು, ಒಪ್ಪುತ್ತೇನೆ. ಆದರೆ ಒಳಗೆ ಹೋಗೋವಾಗ ಇವರ ಕೈ ಖಾಲಿ ಇರಲಿಲ್ಲ. 1996ರಲ್ಲೇ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅಧ್ಯಕ್ಷತೆಯ ಪ್ರೆಸ್ ಕೌನ್ಸಿಲ್ ಜೊತೆ ಕೂತು ಕರಡು ಮಸೂದೆ ಬರೆಸಿದ್ದರು. ಸರ್ಕಾರ ಬದಲಾದಾಗ ಬಹಳ ಚಳವಳಿಗಳ ಹತ್ತಿರ ಬ್ಯಾನರ್ ಇರುತ್ತದೆ, ಕರಡು ಇರಲ್ಲ.

ಲೆಕ್ಕಿಗ

ಇದು ಒಳ್ಳೆ ಪಾಯಿಂಟ್. ಆದರೂ ನನ್ನ ಒಟ್ಟು ಅಭಿಪ್ರಾಯ ಹೇಳುತ್ತೇನೆ. ಚಳವಳಿ ಬ್ರೇಕ್ ಚೆನ್ನಾಗಿ ಹಾಕುತ್ತದೆ, ಗಾಡಿ ಓಡಿಸೋಕೆ ಬರಲ್ಲ.

ಮೂರು ಕೃಷಿ ಕಾಯ್ದೆಗಳನ್ನು ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಪಾಸಾದವು. ರೈತರು ದೆಹಲಿ ಗಡಿಯಲ್ಲಿ ವರ್ಷವಿಡೀ ಕೂತರು. 2021ರ ನವೆಂಬರ್ 29ಕ್ಕೆ ಸಂಸತ್ತು ವಾಪಸ್ ತಗೊಂಡಿತು. ಸ್ವಾತಂತ್ರ್ಯಾನಂತರದ ದೊಡ್ಡ ಗೆಲುವುಗಳಲ್ಲಿ ಒಂದು. ಆದರೆ ಅವರ ಇನ್ನೊಂದು ಬೇಡಿಕೆ, ಬೆಂಬಲ ಬೆಲೆಗೆ ಕಾನೂನಿನ ಖಾತರಿ, ಅದು ಸಿಕ್ಕಿತಾ? ಅದೇ ಜನ, ಅದೇ ಶಕ್ತಿ, ಅದೇ ತ್ಯಾಗ. ಬೇಡ ಅನ್ನೋದು ಗೆದ್ದಿತು, ಬೇಕು ಅನ್ನೋದು ಉಳಿಯಿತು.

ಚಿಲಿಯಲ್ಲೂ ಹೀಗೇ. 2019ರಲ್ಲಿ ಮೆಟ್ರೋ ದರದಿಂದ ಶುರುವಾಗಿ ದೇಶವೇ ಎದ್ದಿತು. 2020ರಲ್ಲಿ ನೂರಕ್ಕೆ 78 ಜನ ಹೊಸ ಸಂವಿಧಾನ ಬೇಕು ಅಂದರು. ಕರಡು ಬಂದಾಗ 2022ರಲ್ಲಿ ನೂರಕ್ಕೆ 62 ಜನ ಬೇಡ ಅಂದರು. 2023ರಲ್ಲಿ ಇನ್ನೊಂದು ಕರಡು, ಅದೂ ಬಿತ್ತು.

ಸಂಜೆಮಾತು

ನೀವೆಲ್ಲ ಇನ್ನೊಂದನ್ನು ಮರೆತಿದ್ದೀರಿ. "ತಳಮಟ್ಟದ ಜನ" ಅಂದ ಕೂಡಲೇ ಅವರು ಸರಿ ಕಡೆಗೇ ಇರುತ್ತಾರೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ಮತ ಕೊಡೋಣವಾ ಅಂತ 1959ರಲ್ಲಿ ಜನಮತ ಕೇಳಿದರು. ಸರ್ಕಾರ, ಸಂಸತ್ತು ಎರಡೂ ಕೊಡೋಣ ಅನ್ನೋ ಕಡೆ. ಮತ ಹಾಕೋ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಬೇಡ ಅಂದರು. ಒಪ್ಪಿದ್ದು 1971ರಲ್ಲಿ. ಅಪೆನ್ಜೆಲ್ ಇನ್ನರ್‌ಹೋಡನ್ ಅನ್ನೋ ಪುಟ್ಟ ಪ್ರಾಂತ್ಯ 1990ರಲ್ಲೂ ಒಪ್ಪಲಿಲ್ಲ, ಕೋರ್ಟು ಹೇಳಬೇಕಾಯಿತು. ಬೀದಿ, ಸದನ ಅಂತ ಎರಡೇ ಇಟ್ಟುಕೊಂಡರೆ ಕೋರ್ಟು ಎಲ್ಲಿಗೆ ಹೋಗುತ್ತದೆ?

ನೇರನುಡಿ

ಕೋರ್ಟು ಅಂದಿದ್ದಕ್ಕೆ ಅಮೆರಿಕದ ಮಾಂಟ್ಗೊಮರಿ ಬಸ್ ಬಹಿಷ್ಕಾರ ನೆನಪಾಯಿತು. ಎಲ್ಲರೂ ಚಳವಳಿಯ ಗೆಲುವು ಅಂತ ಓದಿದ್ದೇವೆ. 381 ದಿನ ನಡೆಯಿತು. ಕೊನೆಗೆ ಬಸ್ಸಿನಲ್ಲಿ ಕರಿಯರಿಗೆ, ಬಿಳಿಯರಿಗೆ ಬೇರೆ ಬೇರೆ ಸೀಟು ಅನ್ನೋದು ನಿಂತಿದ್ದು 1956ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಗರಸಭೆಯವರು ಕೊನೆವರೆಗೂ ಬಗ್ಗಲಿಲ್ಲ.

ಹಳೆಪೇಪರ್

ಆ ಕಥೆಯಲ್ಲಿ ಎಲ್ಲರೂ ಬಿಳಿಯರಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಕೂತಿದ್ದ ಸೀಟನ್ನು ಹೇಳುತ್ತಾರೆ. ನನಗೆ ಇಷ್ಟ ಆ ರಾತ್ರಿಯ ಕೆಲಸ. ಜೋ ಆನ್ ರಾಬಿನ್ಸನ್ ಅಂತ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಮಹಿಳಾ ರಾಜಕೀಯ ಮಂಡಳಿಯ ಮುಖ್ಯಸ್ಥೆ. ಬಂಧನದ ಸುದ್ದಿ ಬಂದ ರಾತ್ರಿ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಕಾಗದ ಉಳಿಸೋಕೆ ಒಂದು ಹಾಳೆಯಲ್ಲಿ ಮೂರು ಸಲ ಅದೇ ಒಕ್ಕಣೆ. ಬೆಳಗಿನ ಜಾವದೊಳಗೆ ಕತ್ತರಿಸಿ, ಕಟ್ಟು ಕಟ್ಟಿ, ಯಾವ ಕಟ್ಟು ಯಾರಿಗೆ ಅಂತ ಹಂಚೋ ದಾರಿಯನ್ನೂ ಗುರುತು ಮಾಡಿದ್ದರು. ಆಮೇಲೆ ಕ್ಲಾಸಿಗೂ ಹೋದರು.

ಇದು ಒಂದೇ ರಾತ್ರಿಯಲ್ಲಿ ಆಗಿದ್ದು ಹೇಗೆ? ಆ ಮಂಡಳಿ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದು, ಹೀಗೇ ನಡೆದರೆ ಬಸ್ ಬಹಿಷ್ಕಾರ ಆಗಬಹುದು ಅಂತ ಎಚ್ಚರಿಸಿತ್ತು. ಒಂದೂವರೆ ವರ್ಷ ಮೊದಲು! ಪಟ್ಟಿ ರೆಡಿ ಇತ್ತು, ಜನ ರೆಡಿ ಇದ್ದರು. ಕೋರ್ಟಿನಲ್ಲಿ ವಾದಿಗಳಾಗಿ ನಿಂತಿದ್ದೂ ಬಸ್ಸಿನಲ್ಲಿ ಅವಮಾನ ಪಟ್ಟ ನಾಲ್ವರು ಹೆಂಗಸರೇ. ಕೋರ್ಟು ತಾನಾಗಿ ಎದ್ದು ಬರಲಿಲ್ಲ.

ನೇರನುಡಿ

ಸರಿ, ಬಸ್ಸು ಬಿಡೋಣ. 1964ರ ನಾಗರಿಕ ಹಕ್ಕು ಕಾಯ್ದೆ? ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಮಾತು ನಿಲ್ಲಿಸದೆ 60 ಕೆಲಸದ ದಿನ ತಡೆದರು. ಚರ್ಚೆ ಮುಗಿಸಬೇಕು ಅಂದರೆ 67 ಮತ ಬೇಕಿತ್ತು. ಆ ಮತಗಳನ್ನು ಒಂದೊಂದಾಗಿ ಕೂಡಿಸಿದ್ದು ರಾಜಕಾರಣಿಗಳು. ಅಧ್ಯಕ್ಷ ಜಾನ್ಸನ್ ಸದಸ್ಯರ ಬೆನ್ನು ಬಿದ್ದಿದ್ದರು. ವಿರೋಧ ಪಕ್ಷದ ನಾಯಕ ಎವರೆಟ್ ಡರ್ಕ್ಸನ್ ತಮ್ಮ ಕಡೆಯವರನ್ನು ತಂದರು. ಜೂನ್ 10ರಂದು ಮತ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್‌ಗೆ ಮಿದುಳಿನ ಗೆಡ್ಡೆ, ಮಾತು ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಕರೆತಂದರು. ಹೆಸರು ಕರೆದಾಗ ಬಾಯಿಂದ "ಆಯ್" (ಹೌದು) ಅನ್ನೋಕಾಗಲಿಲ್ಲ. ಕೈ ಎತ್ತಿ ತಮ್ಮ ಕಣ್ಣು ತೋರಿಸಿದರು, ಇಂಗ್ಲಿಷಿನಲ್ಲಿ ಕಣ್ಣಿಗೂ ಅದೇ ಉಚ್ಚಾರ. ಅದನ್ನೇ ಪರ ಮತ ಅಂತ ಬರೆದುಕೊಂಡರು. 71ಕ್ಕೆ 29. ಮುಂದಿನ ತಿಂಗಳು ಅವರು ತೀರಿಕೊಂಡರು.

ಆ ಮನುಷ್ಯನನ್ನು ನೀವು "ಬರೀ ರಾಜಕಾರಣಿ" ಅಂತೀರಾ?

ಕೊನೆಬೆಂಚು

ಅನ್ನಲ್ಲ. ಅದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ.

ಆದರೆ ಜಾನ್ಸನ್ ವಿಷಯ ಬಿಡಲ್ಲ. ಅದೇ ಜಾನ್ಸನ್ ಅಮೆರಿಕದ ಸಂಸತ್ತಿನ ಸದಸ್ಯರಾಗಿ ಇಪ್ಪತ್ತು ವರ್ಷದ ಹತ್ತಿರ ನಾಗರಿಕ ಹಕ್ಕಿನ ಮಸೂದೆಗಳ ವಿರುದ್ಧ ಮತ ಹಾಕಿದ್ದವರು. ನಡುವೆ ಏನಾಯಿತು? ಮಾಂಟ್ಗೊಮರಿ ಆಯಿತು. ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರ್‌ಗಳಲ್ಲಿ ಕರಿಯ ಹುಡುಗರು ಕೂತರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಕ್ಕಳ ಮೇಲೆ ನಾಯಿ ಬಿಟ್ಟರು. ಮನುಷ್ಯ ಅದೇ, ಮತ ಬದಲಾಯಿತು.

ಮಾಜಿಸದಸ್ಯ

ಮನುಷ್ಯನೂ ಬದಲಾಗಿರಬಹುದಲ್ಲ. ನೀವು ಹೊರಗಿನವರು ನಮಗೆ ಅದೊಂದು ಅವಕಾಶ ಕೊಡಲ್ಲ.

ಸಂಜೆಮಾತು

ಉಲ್ಟಾ ದಿಕ್ಕಿನ ಉದಾಹರಣೆ ಯಾರೂ ಕೊಟ್ಟಿಲ್ಲ. ಮಂತ್ರಿಯ ಮಾತಿನಿಂದ ಚಳವಳಿ ಹುಟ್ಟೋದೂ ಇದೆ.

ಬಿ. ಬಸವಲಿಂಗಪ್ಪ ಅರಸು ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದರು. ತಲೆಯ ಮೇಲೆ ಮಲ ಹೊರೋ ಪದ್ಧತಿ ನಿಲ್ಲಬೇಕು ಅಂತ ನಿಷೇಧ ತಂದರು. ಅದಕ್ಕಾಗಿ ಆಗ ದೊಡ್ಡ ಮೆರವಣಿಗೆ ಇರಲಿಲ್ಲ, ಆ ಅವಮಾನ ಒಳಗಿನಿಂದ ಬಲ್ಲ ಒಬ್ಬರು ಮಂತ್ರಿ ಕುರ್ಚಿಯಲ್ಲಿದ್ದರು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರು ರಾಜೀನಾಮೆ ಕೊಡಬೇಕಾಯಿತು. ಆದರೆ ಆ ಗಲಾಟೆಯಲ್ಲಿ ಒಂದಾದ ಹುಡುಗರಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ಇದರಲ್ಲಿ ಯಾರು ಯಾರನ್ನು ಎಳೆದರು ಹೇಳಿ ನೋಡೋಣ.

ಗುಬ್ಬಿಗೂಡು

ಮತ್ತು ನಿಷೇಧ ಆಗಿ ಅರ್ಧ ಶತಮಾನ ಆದರೂ ಕೆಲಸ ಮುಗಿದಿಲ್ಲ. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು. ನಡುವೆ ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಮೊದಲ ಕೆಲಸ ಏನು ಗೊತ್ತಾ? ಈ ಪದ್ಧತಿ ಇದೆ ಅಂತ ತೋರಿಸೋದು. ರಾಜ್ಯಗಳು "ನಮ್ಮಲ್ಲಿ ಇಲ್ಲವೇ ಇಲ್ಲ" ಅಂತ ಅಫಿಡವಿಟ್ ಹಾಕುತ್ತಿದ್ದವು. ಇವರು ಫೋಟೋ, ಹೆಸರು, ಜಾಗ ಸಮೇತ ಪಟ್ಟಿ ಕೊಟ್ಟರು. 2014ರಲ್ಲಿ ತೀರ್ಪು ಬಂತು. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಅಂದರು, 2023ರಲ್ಲಿ ಅದನ್ನು 30 ಲಕ್ಷ ಮಾಡಿದರು. ಸಾವು ಇನ್ನೂ ನಿಂತಿಲ್ಲ.

ಕೊನೆಬೆಂಚು

ಇಲ್ಲಿವರೆಗಿನ ಉದಾಹರಣೆಗಳಲ್ಲಿ ಒಂದು ಕಾಣುತ್ತಿದೆ. ಫಾರಂ 7, ಮಸ್ಟರ್ ರೋಲ್, ಸಹಿ ಸುರುಳಿ, ಸೈಕ್ಲೋಸ್ಟೈಲ್, ಕರಡು ಮಸೂದೆ, ಫೋಟೋ ಸಮೇತದ ಪಟ್ಟಿ. ಎಲ್ಲಾ ಕಡೆ ಯಾರೋ ಕೂತು ಬೇಜಾರಿನ ಕೆಲಸ ಮಾಡಿದ್ದಾರೆ. ಅವರ ಹೆಸರು ನಾಯಕರ ಪಟ್ಟಿಯಲ್ಲೂ ಇಲ್ಲ, ಶಾಸಕರ ಪಟ್ಟಿಯಲ್ಲೂ ಇಲ್ಲ. ಅವರು ಚಳವಳಿಯ ಕಡೆಯವರೇ, ಹಾಗಾಗಿ ನನ್ನ ವೋಟು ಇನ್ನೂ ಚಳವಳಿಗೇ. ಆದರೆ ಇಂಥವರಿಲ್ಲದ ಚಳವಳಿಗೆ ಅಲ್ಲ.

ನೇರನುಡಿ, ನಿಮ್ಮ ಫ್ರಾನ್ಸ್ ಉದಾಹರಣೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅಲ್ಲೂ ಗಲ್ಲಿನ ವಿರುದ್ಧ ಬರೆದವರು, ವಾದಿಸಿದವರು 19ನೇ ಶತಮಾನದಿಂದ ಇದ್ದರು. ಬದಾಂತೇರ್ ಮಂತ್ರಿಯಾಗೋ ಮುಂಚೆ ಗಲ್ಲಿನ ಕೇಸುಗಳಲ್ಲಿ ವಾದಿಸಿದ ವಕೀಲರು. ಅದನ್ನು ಚಳವಳಿ ಅನ್ನಬಹುದಾ?

ನೇರನುಡಿ

ಎಳೆದು ಎಳೆದು ಎಲ್ಲವನ್ನೂ ಚಳವಳಿ ಮಾಡಿದರೆ ನಿಮ್ಮ ಪ್ರಶ್ನೆಯೇ ಉಳಿಯಲ್ಲ. ಅದು ಕೆಲವೇ ಜನರ ಅಭಿಪ್ರಾಯ. ಚುನಾಯಿತರು ಅದಕ್ಕೆ ಬೆಂಬಲ ಕೊಟ್ಟರು. ಕೆಲವು ಹಕ್ಕುಗಳು ಹಾಗೇ ಬರಬೇಕು. ಕೈದಿಗಳಿಗಾಗಿ ಲಕ್ಷ ಜನ ಬೀದಿಗೆ ಬರಲ್ಲ.

ಹಳೆಪೇಪರ್

ಇದಕ್ಕೆ ನನ್ನ ಒಪ್ಪಿಗೆ ಇದೆ. ಸಂಖ್ಯೆ ಇಲ್ಲದವರಿಗೆ ಸದನವೋ ಕೋರ್ಟೋ ಬೇಕು. ಸಂಖ್ಯೆ ಇದ್ದೂ ದನಿ ಇಲ್ಲದವರಿಗೆ ಸಂಘ ಬೇಕು. ಗೇಣಿದಾರರು ಎರಡನೇ ಸಾಲಿನವರು.

ಲೆಕ್ಕಿಗ

ಇನ್ನೊಂದು ಕೇಸು ಇಡುತ್ತೇನೆ, ಇದಕ್ಕೆ ಯಾವ ಸಾಲು ಅಂತ ಹೇಳಿ. ಐಸ್‌ಲ್ಯಾಂಡ್. 1975ರ ಅಕ್ಟೋಬರ್ 24ರಂದು ಅಲ್ಲಿನ ನೂರಕ್ಕೆ ಸುಮಾರು 90 ಹೆಂಗಸರು ಮನೆಕೆಲಸ, ಸಂಬಳದ ಕೆಲಸ ಎರಡನ್ನೂ ಬಿಟ್ಟು ಹೊರಬಂದರು. ಮರುವರ್ಷ ಸಮಾನತೆಯ ಕಾಯ್ದೆ ಬಂತು. 1980ರಲ್ಲಿ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅಧ್ಯಕ್ಷರಾದರು. ಇಷ್ಟಾದರೂ ಸಂಬಳದ ಅಂತರ ಹೋಗಲಿಲ್ಲ. 2023ರಲ್ಲಿ ಅದೇ ದಿನ ಮತ್ತೆ ದೊಡ್ಡ ಮುಷ್ಕರ. ಈ ಸಲ ಪ್ರಧಾನಿ ಕತ್ರಿನ್ ಯಾಕಬ್ಸ್‌ದೊತ್ತಿರ್ ಅವರೇ ಕೆಲಸಕ್ಕೆ ಹೋಗಲಿಲ್ಲ.

ಪ್ರಧಾನಿಯೇ ಮುಷ್ಕರಕ್ಕೆ ಇಳಿದರೆ ಮನವಿ ಪತ್ರ ಯಾರಿಗೆ ಕೊಡೋದು?

ಮಾಜಿಸದಸ್ಯ

ಹಣಕಾಸು ಮಂತ್ರಿಗೆ. ಮುಂದಿನ ತಿಂಗಳು ಹೋಗಿ, ಅದು ಯಾವ ಮೇಜಿನ ಮೇಲಿದೆ ಅಂತ ಕೇಳಿ.

ಗುಬ್ಬಿಗೂಡು

ಒಂದು ಪ್ರತಿ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಕೇಳೋಕೆ ಆ ನಂಬರ್ ಬೇಕಾಗುತ್ತದೆ.